ಗಡ್ಡೆ ತೆಗೆಸಬೇಕೋ, ಅಂಡಾಶಯವನ್ನೇ ತೆಗೆಸಬೇಕೋ?

ಪ್ರಶ್ನೆ: ಮೇಡಂ ನಮಸ್ಕಾರ. ನನಗೆ 29 ವರ್ಷ. ಊರು ಕೊಪ್ಪಳ ಜಿಲ್ಲೆಯ ಕಾರಟಗಿ. ಯಜಮಾನರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. 4 ವರ್ಷದ ಮಗಳಿದ್ದಾಳೆ. ಇನ್ನೊಂದು ಮಗು ಬೇಕೆಂದು 6 ತಿಂಗಳಿಂದ ಕಾಯುತ್ತಿದ್ದೇವೆ. ಒಂದು ವರ್ಷದಿಂದ ಮುಟ್ಟಿನ ಹೊಟ್ಟೆನೋವು ಜಾಸ್ತಿಯಾಗಿದೆ. ಹೋದ ತಿಂಗಳು ಮುಟ್ಟಿನ ಎರಡನೇ ದಿನ ತಡೆಯಲಾರದೆ ಗಂಗಾವತಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಎಡಗಡೆ ಅಂಡಾಶಯದಲ್ಲಿ 6.2 ಸೆಂ.ಮೀ. ‘ಕಾಂಪ್ಲೆಕ್ಸ್ ಸಿಸ್ಟ್’ ಇದೆ, ಒಳಗೆ ‘ಲೋ ಲೆವೆಲ್ ಎಕೋಸ್’ ಇವೆ, ‘ಸಾಲಿಡ್’ ಭಾಗ ಇಲ್ಲ ಎಂದು ಬರೆದಿದ್ದಾರೆ. ಅವತ್ತೇ ರಕ್ತ ಕೊಟ್ಟೆ, ಸಿಎ-125 ಅಂತ, 82 ಬಂದಿದೆ. ಒಬ್ಬ ಡಾಕ್ಟರು, ‘ಕೂಡಲೇ ಆಪರೇಷನ್ ಆಗಬೇಕು, ಆ ಕಡೆಯ ಅಂಡಾಶಯ ತೆಗೀಬೇಕು, ಒಂದು ಮಗು ಇದೆಯಲ್ಲ, ಗರ್ಭಕೋಶವನ್ನೂ ತೆಗೆಸಿಬಿಟ್ಟರೆ ಮುಂದೆ ತೊಂದರೆಯೇ ಇರಲ್ಲ’ ಎಂದರು. ಇನ್ನೊಬ್ಬರು, ‘ಅವಸರ ಬೇಡ, ಎರಡು ತಿಂಗಳು ನೋಡೋಣ’ ಎಂದರು. ಅತ್ತೆ ಗಡ್ಡೆ ಕರಗಿಸುವ ನಾಟಿ ಔಷಧ ತರಿಸಿಟ್ಟಿದ್ದಾರೆ. ಯಜಮಾನರು ಇದು ಕ್ಯಾನ್ಸರೇ ಇರಬೇಕು, ಬೆಂಗಳೂರಿಗೆ ಹೋಗೋಣ ಎಂದು ಸಾಲ ಕೇಳುತ್ತಿದ್ದಾರೆ. ಕಾದರೆ ಗಡ್ಡೆ ಒಡೆದು ಹೋಗುತ್ತಾ? ಒಂದೇ ಅಂಡಾಶಯ ಉಳಿದರೆ ಮಗು ಆಗುತ್ತಾ? ಯಾರ ಮಾತು ಕೇಳಲಿ?

ಉತ್ತರ: ತಂಗಿ, ಯಜಮಾನರಿಗೆ ಹೇಳಿ, ಸಾಲ ಕೇಳುವುದನ್ನು ಸದ್ಯಕ್ಕೆ ನಿಲ್ಲಿಸಲಿ. ನಿಮ್ಮನ್ನು ಪರೀಕ್ಷೆ ಮಾಡದೆ ನಾನು ಕೊನೆಯ ಮಾತು ಹೇಳಲಾರೆ. ಆದರೆ ನೀವು ಬರೆದ ವಿವರದ ಪ್ರಕಾರ ಇದು ಈ ವಾರವೇ ಕೊಯ್ಯಬೇಕಾದ ಗಡ್ಡೆಯಂತೆ ಕಾಣುವುದಿಲ್ಲ. ಗರ್ಭಕೋಶ ತೆಗೆಸುವ ಮಾತಂತೂ ಬೇಡವೇ ಬೇಡ. ತೊಂದರೆ ಇರುವುದು ಅಂಡಾಶಯದಲ್ಲಿ. ಇನ್ನೊಂದು ಮಗು ಬೇಕೆನ್ನುವ 29 ವರ್ಷದ ಹೆಣ್ಣುಮಗಳ ಗರ್ಭಕೋಶಕ್ಕೆ ಕೈ ಹಾಕಲು ಈ ರಿಪೋರ್ಟಿನಲ್ಲಿ ಒಂದು ಕಾರಣವೂ ಇಲ್ಲ.

‘ಕಾಂಪ್ಲೆಕ್ಸ್’ ಎಂಬ ಪದ ನೋಡಿ ನೀವಿಬ್ಬರೂ ಹೆದರಿದ್ದೀರಿ ಅನ್ನಿಸುತ್ತದೆ. ಬಹಳ ಮಂದಿ ಹೆದರುತ್ತಾರೆ. ಗಡ್ಡೆಯೊಳಗೆ ತಿಳಿನೀರು ಮಾತ್ರ ಇದ್ದರೆ ಅದನ್ನು ‘ಸಿಂಪಲ್’ ಎಂದು ಬರೆಯುತ್ತಾರೆ. ರಕ್ತ, ಕೊಬ್ಬು, ಪರದೆ, ಕೆಸರಿನಂಥ ದ್ರವ, ಹೀಗೆ ಬೇರೆ ಏನಿದ್ದರೂ ‘ಕಾಂಪ್ಲೆಕ್ಸ್’. ಅಷ್ಟೇ ಅದರ ಅರ್ಥ. ಕ್ಯಾನ್ಸರಿನ ಅನುಮಾನಕ್ಕೆ ನಾವು ಹುಡುಕುವ ಗುರುತುಗಳು ಬೇರೆ. ಗಡ್ಡೆಯೊಳಗೆ ಗಟ್ಟಿ ಮಾಂಸದ ಭಾಗ, ಒಳಗೋಡೆಯಲ್ಲಿ ಹೂಕೋಸಿನ ಹಾಗೆ ಎದ್ದ ಕುಡಿಗಳು, ದಪ್ಪ ಪರದೆಗಳು, ಅವುಗಳಲ್ಲಿ ಜೋರಾದ ರಕ್ತದ ಹರಿವು, ಹೊಟ್ಟೆಯಲ್ಲಿ ನೀರು ತುಂಬಿರುವುದು. ನಿಮ್ಮ ರಿಪೋರ್ಟಿನಲ್ಲಿ ‘ಸಾಲಿಡ್’ ಭಾಗ ಇಲ್ಲ ಎಂದು ಬರೆದಿದ್ದಾರಲ್ಲ, 6.2 ಎಂಬ ಅಂಕಿಗಿಂತ ಆ ಸಾಲೇ ಮುಖ್ಯ.

ಇನ್ನು ಸಿಎ-125. ಅಂಡಾಶಯದ ಕ್ಯಾನ್ಸರಿನ ಅನುಮಾನ ಬಂದಾಗ ನೋಡುವ ರಕ್ತಪರೀಕ್ಷೆ ಇದು. ಮಾಮೂಲಿ ಮಿತಿ 35. ನಿಮ್ಮದು 82. ಆದರೆ ರಕ್ತ ಕೊಟ್ಟಿದ್ದು ಯಾವತ್ತು? ಮುಟ್ಟಿನ ಎರಡನೇ ದಿನ. ಮುಟ್ಟಾದಾಗ ಈ ಅಂಕಿ ತಾನಾಗಿಯೇ ಏರುತ್ತದೆ. ಬಸುರಿನಲ್ಲಿ, ಗರ್ಭಕೋಶದಲ್ಲಿ ಬೆಳೆಯುವ ಮಾಂಸದ ಗಡ್ಡೆಯಾದ ಫೈಬ್ರಾಯ್ಡ್‌ನಲ್ಲಿ, ಹೊಟ್ಟೆಯೊಳಗಿನ ಸೋಂಕಿನಲ್ಲಿ, ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆ ಕಡೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲಿ ಏರುತ್ತದೆ. ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಸಂಜೆ ಜ್ವರ, ತೂಕ ಇಳಿಯುವುದು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ. ಟಿಬಿ ಎಷ್ಟೋ ಸಲ ಅಂಡಾಶಯದ ಕ್ಯಾನ್ಸರಿನ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೆ ಬೇಕಾದ್ದು ಮಾತ್ರೆ, ಕತ್ತರಿಯಲ್ಲ. ವಯಸ್ಸಾಗಿ ಮುಟ್ಟು ಪೂರ್ತಿ ನಿಂತವರಲ್ಲಿ ಈ ಪರೀಕ್ಷೆಗೆ ಮಹತ್ವ ಜಾಸ್ತಿ. ನಿಮ್ಮ ವಯಸ್ಸಿನಲ್ಲಿ ಬರೀ ಈ ಒಂದು ಅಂಕಿ ಹಿಡಿದು ಯಾರೂ ಕ್ಯಾನ್ಸರ್ ಎನ್ನಬಾರದು. 200 ದಾಟಿದ್ದರೆ ಅಥವಾ ಸ್ಕ್ಯಾನಿನಲ್ಲಿ ಗಟ್ಟಿ ಭಾಗ ಕಂಡಿದ್ದರೆ ನಾನೂ ಬೇರೆ ಮಾತು ಹೇಳುತ್ತಿದ್ದೆ.

ಈ ಗಡ್ಡೆ ಬರುವುದಾದರೂ ಯಾಕೆ? ಗಡ್ಡೆ ಕಟ್ಟುವುದು ಅಂಡಾಶಯದ ತಿಂಗಳ ಕೆಲಸವೇ. ಅದು ಸುಮಾರು 3 ಸೆಂ.ಮೀ. ಉದ್ದದ ಅಂಗ, ದೊಡ್ಡ ಬಾದಾಮಿಯ ಆಕಾರ. ಪ್ರತಿ ತಿಂಗಳು ಅದರಲ್ಲಿ ಒಂದು ನೀರ್ಗುಳ್ಳೆ ಬೆಳೆದು, 2 ಸೆಂ.ಮೀ. ಆಸುಪಾಸಿಗೆ ಬಂದಾಗ ಒಡೆದು ಅಂಡ ಹೊರಬರುತ್ತದೆ. ಯಾವುದೋ ತಿಂಗಳು ಒಡೆಯದೆ ಹಾಗೇ ಬೆಳೆಯಬಹುದು. ಒಡೆದ ಜಾಗದಲ್ಲಿ ರಕ್ತ ತುಂಬಿಕೊಳ್ಳಲೂಬಹುದು. ಇವೆರಡೂ ಎರಡು ಮೂರು ಮುಟ್ಟಿನೊಳಗೆ ಸಾಮಾನ್ಯವಾಗಿ ತಾವೇ ಇಳಿದು ಹೋಗುತ್ತವೆ. ಅದಕ್ಕೇ ಅಂಥ ಸಾದಾ ಗುಳ್ಳೆ 5 ಸೆಂ.ಮೀ. ಒಳಗಿದ್ದರೆ ಮುಟ್ಟಾಗುವ ವಯಸ್ಸಿನವರಿಗೆ ಮತ್ತೆ ಸ್ಕ್ಯಾನ್ ಕೂಡ ಬೇಕಿಲ್ಲ. 5ರಿಂದ 7 ಇದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. 7 ದಾಟಿದರೆ ಎಂಆರ್‌ಐ ಅಥವಾ ಆಪರೇಷನ್ನಿನ ಮಾತು ಬರುತ್ತದೆ. ನಿಮ್ಮದು ಸಾದಾ ಅಲ್ಲದ್ದರಿಂದ ವರ್ಷಗಟ್ಟಲೆ ಕಾಯುವ ಹಾಗಿಲ್ಲ. ಬೇಗ ಇನ್ನೊಮ್ಮೆ ನೋಡಬೇಕು.

ತಾವಾಗಿ ಹೋಗದ ಗಡ್ಡೆಗಳಲ್ಲಿ ಎರಡನ್ನು ನಮ್ಮ ಕಡೆ ತುಂಬ ನೋಡುತ್ತೇನೆ. ಒಂದು ಡರ್ಮಾಯ್ಡ್. ಇದರೊಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲೂ ಇರುತ್ತದೆ. ಆಪರೇಷನ್ ಮುಗಿಸಿ ಟ್ರೇಯಲ್ಲಿ ತೋರಿಸಿದಾಗ, ‘ಯಾರೋ ಮಾಟ ಮಾಡಿಸ್ಯಾರ ಮೇಡಂ’ ಎಂದು ಅಳುತ್ತಾ ಕೂತ ತಾಯಂದಿರಿದ್ದಾರೆ. ಮಾಟ ಇಲ್ಲ, ಮಂತ್ರ ಇಲ್ಲ. ಅಂಡ ತಯಾರಾಗುವ ಜೀವಕೋಶಕ್ಕೆ ದೇಹದ ಯಾವ ಭಾಗವನ್ನಾದರೂ ಕಟ್ಟುವ ಶಕ್ತಿ ಇರುತ್ತದೆ. ಅದು ದಾರಿ ತಪ್ಪಿ ಕೂದಲು ಬೆಳೆಸಿರುತ್ತದೆ, ಅಷ್ಟೇ.

ಇನ್ನೊಂದು ಚಾಕೊಲೇಟ್ ಸಿಸ್ಟ್. ನಿಮ್ಮ ಪತ್ರ ಓದಿದಾಗ ನನಗೆ ಹೊಳೆದಿದ್ದು ಇದೇ. ಇದು ಅಂಡಾಶಯಕ್ಕೆ ಬಂದ ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ಬೆಳೆದಿರುತ್ತದೆ. ನೀವು ಮುಟ್ಟಾದಾಗ ಅಲ್ಲೂ ರಕ್ತ ಒಸರುತ್ತದೆ, ಹೊರಗೆ ಹೋಗಲು ದಾರಿಯಿಲ್ಲ. ತಿಂಗಳು ತಿಂಗಳು ಸೇರಿ ಹಳೇ ರಕ್ತ ಬೆಲ್ಲದ ಕಾಕಂಬಿಯ ಹಾಗೆ ಕಪ್ಪಗೆ, ಮಂದಗೆ ಆಗುತ್ತದೆ. ಸ್ಕ್ಯಾನಿನಲ್ಲಿ ‘ಲೋ ಲೆವೆಲ್ ಎಕೋಸ್’ ಎಂದು ಕಾಣುವುದು ಅದೇ. ವರ್ಷದಿಂದ ಏರುತ್ತಿರುವ ಮುಟ್ಟಿನ ನೋವು, ಸ್ವಲ್ಪ ಏರಿದ ಸಿಎ-125, ಎಲ್ಲ ಹೊಂದುತ್ತದೆ. ಆದರೆ ಹೊಸದಾಗಿ ರಕ್ತ ತುಂಬಿದ ಸಾದಾ ಗುಳ್ಳೆಯೂ ಮೊದಲ ಸ್ಕ್ಯಾನಿನಲ್ಲಿ ಹೀಗೇ ಕಾಣಬಹುದು. ಎರಡನ್ನೂ ಬೇರೆ ಮಾಡುವುದು ಕಾಲ. ಆರೆಂಟು ವಾರದಲ್ಲಿ ರಕ್ತ ತುಂಬಿದ ಸಾದಾ ಗುಳ್ಳೆ ಕುಗ್ಗುತ್ತದೆ, ಚಾಕೊಲೇಟ್ ಸಿಸ್ಟ್ ಹಾಗೇ ಕೂತಿರುತ್ತದೆ. ಎರಡು ತಿಂಗಳು ನೋಡೋಣ ಎಂದ ಡಾಕ್ಟರು ಸುಮ್ನೆ ದಿನ ದೂಡುತ್ತಿಲ್ಲ. ಅವರು ಹೇಳಿದ್ದು ಸರಿ.

ಅತ್ತೆಯವರು ತರಿಸಿದ ಔಷಧದ ಬಗ್ಗೆಯೂ ಹೇಳಬೇಕು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಅದನ್ನು ಕುಡಿದು ಗಡ್ಡೆ ಕರಗಿದವರನ್ನು ಅವರು ಕಣ್ಣಾರೆ ಕಂಡಿರಲೂಬಹುದು. ಆದರೆ ಆ ಗಡ್ಡೆ ನೀರು ಕುಡಿದುಕೊಂಡಿದ್ದರೂ ಕರಗುತ್ತಿತ್ತು. ಡರ್ಮಾಯ್ಡ್ ಆಗಲಿ ಚಾಕೊಲೇಟ್ ಸಿಸ್ಟ್ ಆಗಲಿ ಕಷಾಯಕ್ಕೆ ಮಾಯವಾಗುವುದಿಲ್ಲ. ಕೆಲವು ಪುಡಿಗಳಲ್ಲಿ ಏನು ಬೆರೆಸಿರುತ್ತಾರೋ, ಲಿವರ್ ಕೆಟ್ಟು ಬಂದವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಇದೇ ಮಾತು ಅಲೋಪಥಿಗೂ ಅನ್ವಯಿಸುತ್ತದೆ. ಸಾದಾ ಗುಳ್ಳೆ ಬೇಗ ಕರಗಲಿ ಎಂದು ಗರ್ಭನಿರೋಧಕ ಮಾತ್ರೆ ಬರೆದುಕೊಡುವ ರೂಢಿ ಇದೆ. ಅದರಿಂದ ಬೇಗ ಕರಗುವುದಿಲ್ಲ ಎಂದು ಸಂಶೋಧನೆಗಳು ತೋರಿಸಿವೆ. ಸೂಜಿ ಚುಚ್ಚಿ ನೀರು ಎಳೆದುಬಿಡಿ ಎಂದೂ ಕೆಲವರು ಕೇಳುತ್ತಾರೆ. ಗೋಡೆ ಅಲ್ಲೇ ಉಳಿಯುವುದರಿಂದ ಮತ್ತೆ ತುಂಬಿಕೊಳ್ಳುತ್ತದೆ. ಭಾರ ಎತ್ತಿದ್ದರಿಂದ ಬಂತು, ಉಷ್ಣದಿಂದ ಬಂತು ಎಂದು ಯಾರಾದರೂ ನಿಮ್ಮನ್ನು ಬೈದರೆ ಕಿವಿಗೆ ಹಾಕಿಕೊಳ್ಳಬೇಡಿ. ಪಿಸಿಓಡಿ ಎಂಬುದೂ ಬೇರೆ ವಿಷಯ. ಅದರಲ್ಲಿ ಕಾಣುವ ಸಣ್ಣ ಸಣ್ಣ ಕಾಳುಗಳು ಆಪರೇಷನ್ ಮಾಡುವ ಗಡ್ಡೆಗಳಲ್ಲ.

ಕಾದರೆ ಅಪಾಯ ಇಲ್ಲವೇ ಎಂದರೆ, ಇದೆ. ಅಂಡಾಶಯ ತೊಟ್ಟಿಗೆ ನೇತುಬಿದ್ದ ಹಣ್ಣಿನ ಹಾಗೆ ಇರುತ್ತದೆ. ಗಡ್ಡೆಯ ಭಾರಕ್ಕೆ ತೊಟ್ಟು ಹುರಿಗೊಂಡರೆ ರಕ್ತ ನಿಂತುಹೋಗುತ್ತದೆ. 5 ಸೆಂ.ಮೀ. ಮೇಲಿನ ಗಡ್ಡೆಗಳಲ್ಲಿ, ಅದರಲ್ಲೂ ಡರ್ಮಾಯ್ಡ್‌ನಲ್ಲಿ ಈ ಭಯ ಜಾಸ್ತಿ. ಸುತ್ತಲೂ ಅಂಟಿಕೊಂಡಿರುವ ಚಾಕೊಲೇಟ್ ಸಿಸ್ಟ್‌ನಲ್ಲಿ ಕಡಿಮೆ. ಕೆಲವು ವರ್ಷದ ಹಿಂದೆ, ನಾಟಿಯ ಕಾಲ. ಸಿರುಗುಪ್ಪ ಕಡೆಯ 19 ವರ್ಷದ ಹುಡುಗಿ ಗದ್ದೆಯಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ಗ್ಯಾಸ್ ಎಂದು ಎರಡು ಇಂಜೆಕ್ಷನ್ ಆಗಿತ್ತು. ವಾಂತಿ ನಿಂತಿರಲಿಲ್ಲ. ನಮ್ಮಲ್ಲಿಗೆ ಬಂದಾಗ ಮರುದಿನ ಬೆಳಗಿನ ಜಾವ. ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿದೆವು. ಬಲಗಡೆ ಅಂಡಾಶಯ ಮೂರು ಸುತ್ತು ಹುರಿಗೊಂಡು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಸುತ್ತು ಬಿಡಿಸಿ, ಬಿಸಿ ಸಲೈನ್ ಹಾಕಿ ಕಾದೆವು. ಬಣ್ಣ ಪೂರ್ತಿ ತಿರುಗಲಿಲ್ಲ. ಜೊತೆಗಿದ್ದ ಕಿರಿಯ ಡಾಕ್ಟರು ತೆಗೆದುಬಿಡೋಣವೇ ಎಂದು ಕೇಳಿದರು. ತೆಗೆಯಲಿಲ್ಲ. ಕಪ್ಪಾಗಿ ಕಂಡ ಅಂಡಾಶಯವೂ ಬಹಳ ಸಲ ಚೇತರಿಸಿಕೊಳ್ಳುತ್ತದೆ. ಮೂರು ತಿಂಗಳ ಮೇಲೆ ಸ್ಕ್ಯಾನ್ ಮಾಡಿದಾಗ ಅದೇ ಅಂಡಾಶಯದಲ್ಲಿ ಹೊಸ ಗುಳ್ಳೆ ಬೆಳೆಯುತ್ತಿತ್ತು. ಅವತ್ತಿನ ಆ ಸ್ಕ್ಯಾನ್ ಚಿತ್ರ ಇವತ್ತಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಗಡ್ಡೆ ಒಡೆಯುವುದೂ ಉಂಟು. ಸಾದಾ ಗುಳ್ಳೆ ಒಡೆದರೆ ಒಂದೆರಡು ದಿನ ನೋವಿದ್ದು ಸರಿಹೋಗುತ್ತದೆ. ಹೊಟ್ಟೆಯೊಳಗೆ ರಕ್ತ ಜಾಸ್ತಿ ಹೋದರೆ ಆಸ್ಪತ್ರೆ ಬೇಕು. ಚಾಕೊಲೇಟ್ ಸಿಸ್ಟ್ ಅಥವಾ ಡರ್ಮಾಯ್ಡ್ ಒಡೆದರೆ ಮಾತ್ರ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಈಗ ನೀವು ಮಾಡಬೇಕಾದ್ದು. ಮುಂದಿನ ಸ್ಕ್ಯಾನ್ ಮೊದಲ ಸ್ಕ್ಯಾನಿನಿಂದ ಆರೆಂಟು ವಾರಕ್ಕೆ, ಮುಟ್ಟು ಮುಗಿದ ಕೂಡಲೇ, ಅಂದರೆ ಮುಟ್ಟು ಶುರುವಾದ 5ರಿಂದ 10ನೇ ದಿನದೊಳಗೆ ಮಾಡಿಸಿ. ಹೊಟ್ಟೆಯ ಮೇಲಿಂದ ಮಾತ್ರ ಮಾಡಿದರೆ ಸಾಲದು. ಯೋನಿಯ ಮೂಲಕ ಮಾಡುವ ಸ್ಕ್ಯಾನಿನಲ್ಲಿ ಅಂಡಾಶಯ ಹತ್ತಿರದಿಂದ ಸ್ಪಷ್ಟವಾಗಿ ಕಾಣುತ್ತದೆ. ಸಂಕೋಚ ಸಹಜ. ಮಹಿಳಾ ಸಿಬ್ಬಂದಿ ಒಳಗಿರಲಿ ಎಂದು ಕೇಳಿ, ಅದು ನಿಮ್ಮ ಹಕ್ಕು. ಆಗಲೂ ಗೊಂದಲ ಉಳಿದರೆ ಎಂಆರ್‌ಐ. ಜೊತೆಗೆ ಎಎಂಎಚ್ ಎಂಬ ರಕ್ತಪರೀಕ್ಷೆ ಮಾಡಿಸಿ. ಅಂಡಾಶಯದಲ್ಲಿ ಅಂಡಗಳ ದಾಸ್ತಾನು ಎಷ್ಟಿದೆ ಎಂಬ ಅಂದಾಜು ಅದರಿಂದ ಸಿಗುತ್ತದೆ. ಆಪರೇಷನ್ನಿಗೆ ಮೊದಲೇ ಇದು ಗೊತ್ತಿರಬೇಕು. ಯಜಮಾನರ ವೀರ್ಯ ಪರೀಕ್ಷೆಯೂ ಆಗಲಿ. ಹೆಂಡತಿಯ ಹೊಟ್ಟೆ ಕೊಯ್ದಾದ ಮೇಲೆ ಗಂಡನ ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನನಗೆ ಅದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಚಾಕೊಲೇಟ್ ಸಿಸ್ಟ್ ಎಂದೇ ಆದರೆ ನಿಮ್ಮ ಮುಂದೆ ಮೂರು ದಾರಿ. ಮೂರರಲ್ಲೂ ಒಂದು ಪಡೆದರೆ ಒಂದು ಬಿಡಬೇಕು.

ನೋವು ತಡೆಯುವಷ್ಟಿದ್ದರೆ ಮೊದಲು ಮಗುವಿಗೆ ಪ್ರಯತ್ನಿಸುವುದು. ಈ ಗಡ್ಡೆ ಇಟ್ಟುಕೊಂಡೇ ಬಸುರಾದವರು ಬೇಕಾದಷ್ಟು ಜನ ಇದ್ದಾರೆ. ಇನ್ನಾರು ತಿಂಗಳಲ್ಲಿ ಆಗದಿದ್ದರೆ ಬಂಜೆತನ ಚಿಕಿತ್ಸೆಯ ತಜ್ಞರನ್ನು ನೋಡಿ, ತಡಮಾಡಬೇಡಿ. ಎರಡನೆಯದು ಮಾತ್ರೆ. ಡೈನೊಜೆಸ್ಟ್‌ನಂಥ ಹಾರ್ಮೋನ್ ಮಾತ್ರೆ ನೋವನ್ನು ಚೆನ್ನಾಗಿ ಇಳಿಸುತ್ತದೆ, ಗಡ್ಡೆ ಸ್ವಲ್ಪ ಕುಗ್ಗಲೂಬಹುದು. ಆದರೆ ಅದನ್ನು ನುಂಗುವಷ್ಟು ದಿನ ಮಗುವಿನ ಆಸೆ ಬದಿಗಿಡಬೇಕು. ಮಧ್ಯೆ ಮಧ್ಯೆ ರಕ್ತದ ಕಲೆ ಕಾಣಬಹುದು, ಕೆಲವರಿಗೆ ಮನಸ್ಸು ಕುಗ್ಗಿದಂತಾಗುತ್ತದೆ. ಮೂರನೆಯದು ಆಪರೇಷನ್. ನೋವು ಮಾತ್ರೆಗೆ ಬಗ್ಗದಿದ್ದರೆ, ಗಡ್ಡೆ ಬೆಳೆಯುತ್ತಾ ಹೋದರೆ, ಸ್ಕ್ಯಾನಿನಲ್ಲಿ ಅನುಮಾನ ಬಂದರೆ ಇದೇ ಸರಿ.

ಆಪರೇಷನ್ ಎಂದರೆ ಗಡ್ಡೆಯನ್ನಷ್ಟೇ ಬಿಡಿಸಿ ಅಂಡಾಶಯ ಉಳಿಸುವುದು. ಹುರಿದ ಶೇಂಗಾ ಅಂಗೈಯಲ್ಲಿ ಉಜ್ಜಿದರೆ ಸಿಪ್ಪೆ ತಾನೇ ಬಿಡುತ್ತದೆ ಅಲ್ವಾ? ಡರ್ಮಾಯ್ಡ್ ಹಾಗೆ ಬಿಡಿಸಿಕೊಂಡು ಬರುತ್ತದೆ. ಚಾಕೊಲೇಟ್ ಸಿಸ್ಟ್ ಹಸಿ ಶೇಂಗಾದ ಸಿಪ್ಪೆಯಂಥದ್ದು. ಎಳೆದರೆ ಬೀಜವೂ ಸ್ವಲ್ಪ ಕಿತ್ತು ಬರುತ್ತದೆ. ಆ ಬೀಜವೇ ನಿಮ್ಮ ಅಂಡಗಳ ದಾಸ್ತಾನು. ಎಷ್ಟು ಕೈಚಳಕ ಇದ್ದವರು ಮಾಡಿದರೂ ಎಎಂಎಚ್ ಸ್ವಲ್ಪ ಇಳಿಯುತ್ತದೆ. ರಕ್ತ ನಿಲ್ಲಿಸಲು ಕರೆಂಟಿನಿಂದ ಜಾಸ್ತಿ ಸುಟ್ಟರೆ ಇನ್ನೂ ಇಳಿಯುತ್ತದೆ. ಕೆಲವು ವರ್ಷದಲ್ಲಿ ಗಡ್ಡೆ ಮತ್ತೆ ಬರುವ ಸಾಧ್ಯತೆಯೂ ಇದೆ. ಅದಕ್ಕೇ ಇದರಲ್ಲಿ ಮೊದಲ ಆಪರೇಷನ್ ಯಾರ ಕೈಯಲ್ಲಿ ಆಗುತ್ತದೆ ಎಂಬುದು ಬಹಳ ಮುಖ್ಯ.

ಮಾಡುವವರನ್ನು ನೇರವಾಗಿ ಕೇಳಿ. ಕೇಳಿದರೆ ಸಿಟ್ಟಾಗುವವರ ಹತ್ತಿರ ಮಾಡಿಸಬೇಡಿ. ಗಡ್ಡೆ ಮಾತ್ರ ತೆಗೆಯುತ್ತೀರೋ, ಅಂಡಾಶಯವನ್ನೂ ತೆಗೆಯುತ್ತೀರೋ? ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿಯೋ, ಹೊಟ್ಟೆ ತೆರೆದೋ? ಇಂಥ ಗಡ್ಡೆ ನೀವು ಆಗಾಗ ಮಾಡುತ್ತೀರಾ? ತೆಗೆದದ್ದನ್ನು ಬಯಾಪ್ಸಿಗೆ ಕಳಿಸುತ್ತೀರಾ? ಮೂರು ನಾಲ್ಕು ಸಣ್ಣ ತೂತಿನಲ್ಲಿ ಮಾಡಿದರೆ ಒಂದೆರಡು ದಿನದಲ್ಲಿ ಮನೆಗೆ, ಒಂದೆರಡು ವಾರದಲ್ಲಿ ಹಗುರ ಕೆಲಸಕ್ಕೆ. ಹೊಟ್ಟೆ ತೆರೆದರೆ ಆರು ವಾರ ಕೊಡ ಎತ್ತುವಂತಿಲ್ಲ. ಕರುಳು, ಮೂತ್ರನಾಳಕ್ಕೆ ಪೆಟ್ಟಾಗುವುದು ಅಪರೂಪ. ಚಾಕೊಲೇಟ್ ಸಿಸ್ಟ್‌ನಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆ ಅಪಾಯ ಸ್ವಲ್ಪ ಜಾಸ್ತಿ. ನಿಮ್ಮ ಹಿಮೋಗ್ಲೋಬಿನ್ ಎಷ್ಟಿದೆ ನೋಡಿಕೊಳ್ಳಿ. ಕಡಿಮೆ ಇದ್ದರೆ ಅದನ್ನು ಏರಿಸಿಕೊಂಡೇ ಟೇಬಲ್ ಹತ್ತಿ.

ಒಪ್ಪಿಗೆ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. ಯಾವ ಕಡೆ, ಏನು ತೆಗೆಯುತ್ತಾರೆ ಎಂದು ಕನ್ನಡದಲ್ಲಿ ಬರೆಸಿ, ಓದಿ. ತಪಾಸಣೆಗೆಂದು ಲ್ಯಾಪರೊಸ್ಕೋಪಿಗೆ ಒಪ್ಪಿದ್ದ ಹೆಣ್ಣುಮಗಳಿಗೆ ಅರಿವಳಿಕೆ ಕೊಟ್ಟ ಮೇಲೆ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಅದು ತಪ್ಪು ಎಂದು ಹೇಳಿತು. ಜೀವಕ್ಕೆ ಅಪಾಯ ಇಲ್ಲದಾಗ ಆಕೆಗೆ ಎಚ್ಚರ ಬರುವವರೆಗೆ ಕಾಯಬೇಕಿತ್ತು. ನಮ್ಮ ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಚಿಕ್ಕ ವಯಸ್ಸಿನವರ ಗರ್ಭಕೋಶ ಬೇಕಿಲ್ಲದೆ ತೆಗೆದದ್ದು ಸುದ್ದಿಯಾಗಿದ್ದು ನಿಮಗೂ ನೆನಪಿರಬಹುದು. ಇಂಥ ಬೇಡದ ಆಪರೇಷನ್ನುಗಳನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ‘ಹೇಗೂ ಹೊಟ್ಟೆ ತೆರೀತೀವಿ, ಅದನ್ನೂ ತೆಗೆದುಬಿಡೋಣ’ ಎಂಬ ಮಾತು ಕೇಳಿದ ಕೂಡಲೇ ಎರಡನೇ ಡಾಕ್ಟರ ಹತ್ತಿರ ಹೋಗಿ.

ಒಂದೇ ಅಂಡಾಶಯ ಉಳಿದರೂ ಮಗು ಆಗುತ್ತದೆ, ಮುಟ್ಟು ಬರುತ್ತದೆ. ಇನ್ನೊಂದು ಆ ಕೆಲಸ ವಹಿಸಿಕೊಳ್ಳುತ್ತದೆ. ಆದರೆ ಎಂಡೊಮೆಟ್ರಿಯೋಸಿಸ್ ನಾಳೆ ಆ ಇನ್ನೊಂದಕ್ಕೂ ಬರಬಹುದು. ಅದಕ್ಕೇ ಉಳಿಸಬಹುದಾದ್ದನ್ನು ಕಳೆದುಕೊಳ್ಳಬೇಡಿ ಎನ್ನುವುದು.

ಬೆಂಗಳೂರಿಗೆ ಹೋಗಬೇಕೆ? ಈಗ ಬೇಡ. ಕೊಪ್ಪಳದಲ್ಲಿ ಮೆಡಿಕಲ್ ಕಾಲೇಜು ಇದೆ, ರಾಯಚೂರಿನಲ್ಲಿ ರಿಮ್ಸ್ ಇದೆ, ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರಕಾರಿ ಆಸ್ಪತ್ರೆ ಇದೆ. ಎಲ್ಲ ಕಡೆ ಸ್ತ್ರೀರೋಗ ವಿಭಾಗ ಇದೆ. ಲ್ಯಾಪರೊಸ್ಕೋಪಿಯಲ್ಲಿ ಕೈ ಪಳಗಿದವರು ಯಾರು ಎಂದು ಕೇಳಿ ಹೋಗಿ. ಗಟ್ಟಿ ಭಾಗ, ಹೊಟ್ಟೆಯಲ್ಲಿ ನೀರು ಕಂಡರೆ ಮಾತ್ರ ಮೊದಲ ಆಪರೇಷನ್ನೇ ಕ್ಯಾನ್ಸರ್ ಸರ್ಜನ್ ಮಾಡಬೇಕು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗಬಹುದು. ಕ್ಯಾನ್ಸರ್ ಗಡ್ಡೆ ಹೊಟ್ಟೆಯೊಳಗೆ ಒಡೆದರೆ ರೋಗದ ಹಂತವೇ ಮುಂದಕ್ಕೆ ಹೋಗುತ್ತದೆ, ಅದಕ್ಕಾಗಿ ಈ ಎಚ್ಚರ. ತಾಯಿ, ಅಕ್ಕತಂಗಿಯರಿಗೆ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಮುಚ್ಚಿಡದೆ ಹೇಳಿ. ಇದೇ ಗಡ್ಡೆ ನಿಮ್ಮ ಅತ್ತೆಯವರಿಗೆ, ಮುಟ್ಟು ನಿಂತ ಮೇಲೆ ಬಂದಿದ್ದರೆ ನಾನು ಇಷ್ಟು ನಿಧಾನವಾಗಿ ಮಾತಾಡುತ್ತಿರಲಿಲ್ಲ.

ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಯೋಜನೆಯಲ್ಲಿ ಆ ಚಿಕಿತ್ಸೆಗೆ ಗೊತ್ತುಮಾಡಿದ ಪ್ಯಾಕೇಜ್ ದರದ ನೂರಕ್ಕೆ 30 ಭಾಗ, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಮೊದಲು ಸರಕಾರಿ ಆಸ್ಪತ್ರೆಯಲ್ಲೇ ತೋರಿಸಿ, ಬೇರೆ ಆಸ್ಪತ್ರೆಗೆ ಹೋಗಲು ರೆಫರಲ್ ಚೀಟಿ ಬೇಕಾಗುತ್ತದೆಯೇ ಎಂದು ಅಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನು ಕೇಳಿ.

ಹೋಗುವಾಗ ಎರಡೂ ಸ್ಕ್ಯಾನಿನ ರಿಪೋರ್ಟು, ಫಿಲ್ಮು, ರಕ್ತಪರೀಕ್ಷೆ ಎಲ್ಲ ಒಂದೇ ಫೈಲಿನಲ್ಲಿರಲಿ. ನೋವು ಯಾವ ದಿನ, ಎಷ್ಟು ಹೊತ್ತು ಬಂತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಹೋಗಿ. ಅದಕ್ಕೂ ಮೊದಲೇ ಒಮ್ಮೆಲೇ ಒಂದು ಕಡೆ ತಡೆಯಲಾರದ ನೋವು, ಜೊತೆಗೆ ವಾಂತಿ ಬಂದರೆ, ತಲೆ ಸುತ್ತಿ ಬಿದ್ದರೆ, ಜ್ವರ ಬಂದರೆ, ಅಥವಾ ಮುಟ್ಟು ತಪ್ಪಿದ ಮೇಲೆ ಹೊಟ್ಟೆನೋವು ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ 108ಕ್ಕೆ ಫೋನ್ ಮಾಡಿ ಹೊರಡಿ. ‘ಅಂಡಾಶಯದಲ್ಲಿ 6 ಸೆಂಟಿಮೀಟರ್ ಗಡ್ಡೆ ಇದೆ’ ಎಂದು ಬಾಗಿಲಲ್ಲೇ ಹೇಳಿ. ತುರ್ತು ಚಿಕಿತ್ಸೆಗೆ ರೆಫರಲ್ ಚೀಟಿ ಬೇಕಿಲ್ಲ.